ಸಹಾಯ ಬೇಕು: ಬಿಪಿ ಮಾತ್ರೆ ಜೊತೆ ಜ್ಯೇಷ್ಠಮಧು ಕಷಾಯ

ಅಮ್ಮನಿಗೆ 68 ವರ್ಷ. ಬಿಪಿಗೆ ಹೈಡ್ರೋಕ್ಲೋರೋಥಯಾಜೈಡ್ (ಮೂತ್ರ ಜಾಸ್ತಿ ಹೋಗುವಂತೆ ಮಾಡುವ ಔಷಧಿ) ಇರುವ ಮಾತ್ರೆ ನಡೆಯುತ್ತಿದೆ. ಒಣಕೆಮ್ಮು ಅಂತ ದಿನಾ ಎರಡು ಹೊತ್ತು ಜ್ಯೇಷ್ಠಮಧು ಕಷಾಯ ಕುಡಿಯುತ್ತಿದ್ದರು. ಈಗ ಬಿಪಿ ಏರಿದೆ, ಪಾದ ಊದಿದೆ. ಕಾಲಲ್ಲಿ ಶಕ್ತಿಯೇ ಇಲ್ಲ ಅನ್ನುತ್ತಾರೆ.

ಜ್ಯೇಷ್ಠಮಧು ಬೇರಿನಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶ ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಜಾಸ್ತಿ ಹೋಗುವಂತೆ ಮಾಡುತ್ತದೆ. ಆ ಮಾತ್ರೆಯೂ ಪೊಟ್ಯಾಸಿಯಂ ಇಳಿಸುವಂಥದ್ದೇ. ಎರಡೂ ಸೇರಿದರೆ ಎದೆಬಡಿತವೇ ಏರುಪೇರಾಗಬಹುದು. ಅಮ್ಮ ಮಾತ್ರ "ಬೇರು ಅಲ್ವಾ, ಏನಾಗುತ್ತೆ?" ಅನ್ನುತ್ತಾರೆ. ನನಗೆ ತುಂಬಾ ಭಯ.

ಕಷಾಯ ನಿಲ್ಲಿಸಿದ್ದೇವೆ, ಮಾತ್ರೆ ನಿಲ್ಲಿಸಿಲ್ಲ. ಇವತ್ತೇ ಡಾಕ್ಟರ್ ಹತ್ತಿರ ಹೋಗಿ ಪೊಟ್ಯಾಸಿಯಂ ಟೆಸ್ಟ್, ಇಸಿಜಿ ಮಾಡಿಸುತ್ತೇವೆ. ಮೈಸೂರಿನಲ್ಲಿ ಇಂಗ್ಲಿಷ್ ಮಾತ್ರೆಗಳ ಚೀಟಿಯನ್ನೂ ನೋಡಿ ಔಷಧಿ ಕೊಡುವ ಆಯುರ್ವೇದ ವೈದ್ಯರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಜ್ಯೇಷ್ಠಮಧು ಇಲ್ಲದ ಕೆಮ್ಮಿನ ಸಿರಪ್ ಯಾವುದಾದರೂ ಇದೆಯಾ?