ಮಂತ್ರಿಗಳೂ ಶಾಸಕರೇ ಅಂದಮೇಲೆ ಸರ್ಕಾರವನ್ನು ಪ್ರಶ್ನೆ ಕೇಳುವವರು ಯಾರು?

ಕತ್ರಿಗುಪ್ಪೆ ಅಮ್ಮ:

ನನ್ನ ಮಗಳು ಒಂಬತ್ತನೇ ಕ್ಲಾಸು. ಹೋದ ಭಾನುವಾರ ಅವಳನ್ನು ವಿಧಾನಸೌಧ ನೋಡಲು ಕರೆದುಕೊಂಡು ಹೋಗಿದ್ದೆ. ಮೆಟ್ರೋ ಇಳಿದು ಮೇಲೆ ಬಂದು ರಸ್ತೆ ಬದಿ ನಿಂತೆವು. ಈ ಕಡೆ ಶಾಸಕಾಂಗ, ಎದುರಿನ ಕೆಂಪು ಕಟ್ಟಡ ನ್ಯಾಯಾಂಗ ಅಂತ ತೋರಿಸಿದೆ. "ಕಾರ್ಯಾಂಗ ಎಲ್ಲಿ ಅಮ್ಮಾ?" ಅಂದಳು. ಅದೂ ಇದರಲ್ಲೇ, ಮುಖ್ಯಮಂತ್ರಿಗಳ ಕಚೇರಿ ಮೂರನೇ ಮಹಡಿಯಲ್ಲಿದೆ ಅಂದೆ. "ಮಂತ್ರಿಗಳೂ ಶಾಸಕರೇ ಅಲ್ವಾ? ಹಾಗಾದ್ರೆ ತಮ್ಮನ್ನು ತಾವೇ ಪ್ರಶ್ನೆ ಕೇಳ್ಕೋತಾರಾ?" ಅಂತ ಕೇಳಿಬಿಟ್ಟಳು. ನನಗೆ ಉತ್ತರ ಹೊಳೆಯಲಿಲ್ಲ.

ಅವಳು ಸುಮ್ನೆ ಕೇಳಿದ್ದಲ್ಲ. ನಮ್ಮ ಬೀದಿಯ ಮೋರಿ ಎರಡು ಮಳೆಗಾಲದಿಂದ ಉಕ್ಕುತ್ತಿದೆ. ಅವಳು ಶಾಲೆಗೆ ಆ ನೀರು ದಾಟಿಯೇ ಹೋಗಬೇಕು. ಶಾಸಕರ ಕಚೇರಿಯಲ್ಲಿ ಅಧಿಕಾರಿಯನ್ನು ಕೇಳಿ ಅಂದರು. ಅಧಿಕಾರಿ ಹಣ ಬಂದಿಲ್ಲ ಅಂದರು. ಯಾರು ಯಾರಿಗೆ ಉತ್ತರ ಹೇಳಬೇಕು ಅನ್ನುವುದು ನನಗೂ ಬೇಕಾಗಿದೆ. ತಿಳಿದವರು ಹೇಳಿ.

ಕರಿಕೋಟು:

ನಾನು ವಕೀಲ, ಎದುರಿನ ಕೆಂಪು ಕಟ್ಟಡದಲ್ಲಿ ಓಡಾಡುವವನು. ನನಗೆ ಗೊತ್ತಿರುವ ಅಂಗದ ಬಗ್ಗೆ ಮಾತ್ರ ಹೇಳುತ್ತೇನೆ.

ಆ ಕಟ್ಟಡದ ಹಳೇ ಹೆಸರು ಅಠಾರಾ ಕಚೇರಿ. ಅಠಾರಾ ಅಂದರೆ ಹದಿನೆಂಟು. ಸರ್ಕಾರದ 18 ಇಲಾಖೆಗಳು ಅಲ್ಲಿದ್ದವು. ಆಗ ಅದು ಕಾರ್ಯಾಂಗದ ಮನೆ. 1956ರಲ್ಲಿ ವಿಧಾನಸೌಧ ಮುಗಿದ ಮೇಲೆ ಸಚಿವಾಲಯ ರಸ್ತೆ ದಾಟಿ ಆಚೆ ಹೋಯಿತು, ಈಚೆ ಕೋರ್ಟು ಉಳಿಯಿತು. ಮಗಳಿಗೆ ಇದನ್ನು ಹೇಳಿ, ಆ ರಸ್ತೆ ಚೆನ್ನಾಗಿ ನೆನಪಿರುತ್ತದೆ.

ನಿಜವಾಗಿ ಬೇರೆಯಾಗಿರುವುದು ನ್ಯಾಯಾಂಗ. ಹೈಕೋರ್ಟ್ ನ್ಯಾಯಮೂರ್ತಿಗಳನ್ನು ನೇಮಿಸುವುದು ರಾಷ್ಟ್ರಪತಿ, ಮುಖ್ಯಮಂತ್ರಿಯಲ್ಲ. ಅವರ ಸಂಬಳವನ್ನು ಸದನ ಮತಕ್ಕೆ ಹಾಕುವಂತಿಲ್ಲ. ನ್ಯಾಯಮೂರ್ತಿಗಳು ಕರ್ತವ್ಯದಲ್ಲಿ ಹೇಗೆ ನಡೆದುಕೊಂಡರು ಅಂತ ವಿಧಾನಸಭೆಯಲ್ಲಿ ಚರ್ಚೆ ಮಾಡುವಂತಿಲ್ಲ, ಅದು ಸಂವಿಧಾನದ 211ನೇ ವಿಧಿ. ಪಕ್ಕದ್ದೇ 212ನೇ ವಿಧಿ. ಸದನದ ಕಲಾಪ ಕ್ರಮಬದ್ಧವಾಗಿ ನಡೆಯಲಿಲ್ಲ ಅನ್ನುವ ಕಾರಣಕ್ಕೆ ಕೋರ್ಟು ಅದರೊಳಗೆ ಕೈ ಹಾಕುವಂತಿಲ್ಲ. ಸದನ ಮಾಡಿದ ಕಾನೂನು ಸಂವಿಧಾನಕ್ಕೆ ವಿರುದ್ಧವಾಗಿದ್ದರೆ ಮಾತ್ರ ಕೋರ್ಟು ರದ್ದು ಮಾಡುತ್ತದೆ.

ಮಂತ್ರಿಗಳೂ ಶಾಸಕರೂ ಒಂದೇ ಕಡೆ ಯಾಕೆ ಅನ್ನುವುದನ್ನು ನನಗಿಂತ ಹತ್ತಿರದಿಂದ ನೋಡಿದ ಹಿರಿಯರು ಇಲ್ಲೇ ಇದ್ದಾರೆ.

ಶೀಘ್ರಲಿಪಿ ಬಸವನಗುಡಿ:

ನಿಮ್ಮ ಮಗಳ ಪ್ರಶ್ನೆ ಓದಿ ತುಂಬ ಖುಷಿಯಾಯಿತು. ನಾನು 1987ರಲ್ಲಿ ವಿಧಾನಸಭೆಗೆ ವರದಿಗಾರನಾಗಿ ಸೇರಿದೆ. ಪತ್ರಿಕೆಯ ವರದಿಗಾರನಲ್ಲ. ಸಭಾಧ್ಯಕ್ಷರ ಪೀಠದ ಕೆಳಗೆ ಒಂದು ಮೇಜಿದೆ. ಅಲ್ಲಿ ಕೂತು ಪ್ರತಿ ಮಾತನ್ನೂ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ಕೆಲಸ. ಸರದಿ ಬಂದಾಗ ಕೆಲವು ನಿಮಿಷ ಬರೆಯುವುದು, ಎದ್ದು ಹೋಗಿ ಟೈಪ್ ಮಾಡುವುದು, ಮತ್ತೆ ಬಂದು ಕೂರುವುದು. ಆ ಮೇಜಿನಿಂದ ಕಂಡದ್ದನ್ನು ಹೇಳುತ್ತೇನೆ.

ನಮ್ಮಲ್ಲಿ ಈ ಎರಡು ಅಂಗಗಳನ್ನು ಬೇಕೆಂದೇ ಬೇರೆ ಮಾಡಿಲ್ಲ. ಅಮೆರಿಕದಲ್ಲಿ ಮಂತ್ರಿಯಾದವರು ಅಲ್ಲಿನ ಕಾಂಗ್ರೆಸ್ಸಿನ ಸದಸ್ಯರಾಗಿರುವಂತಿಲ್ಲ. ಅಲ್ಲಿನ ಅಧ್ಯಕ್ಷರನ್ನು ಅವಿಶ್ವಾಸ ನಿರ್ಣಯದಿಂದ ಇಳಿಸಲೂ ಆಗುವುದಿಲ್ಲ. ನಮ್ಮಲ್ಲಿ ಸರ್ಕಾರ ಸದನದ ಒಳಗೇ ಕೂತಿರಬೇಕು. ಕರೆದರೆ ಓಗೊಡುವಷ್ಟು ಹತ್ತಿರ. ಮಂತ್ರಿಮಂಡಲ ಒಟ್ಟಾಗಿ ವಿಧಾನಸಭೆಗೆ ಹೊಣೆ ಅಂತ 164ನೇ ವಿಧಿ ಹೇಳುತ್ತದೆ. ಸದನಕ್ಕೆ ನಂಬಿಕೆ ಹೋದ ದಿನ ಸರ್ಕಾರ ಹೋಗುತ್ತದೆ.

ತಮ್ಮನ್ನು ತಾವೇ ಕೇಳಿಕೊಳ್ಳುತ್ತಾರಾ ಅಂದರೆ, ಇಲ್ಲ. ಸದನದಲ್ಲಿ 224 ಸ್ಥಾನ. 2003ರ ಸಂವಿಧಾನ ತಿದ್ದುಪಡಿ ಮಂತ್ರಿಮಂಡಲದ ಗಾತ್ರವನ್ನು ಸದನದ ಸ್ಥಾನಗಳ ಶೇಕಡಾ 15ಕ್ಕೆ ಕಟ್ಟಿಹಾಕಿತು. ಹಾಗಾಗಿ ನಮ್ಮಲ್ಲಿ ಮುಖ್ಯಮಂತ್ರಿಯೂ ಸೇರಿ 34 ಮಂದಿಯ ಸಂಪುಟ. ಉಳಿದವರು, ಕಡಿಮೆ ಅಂದರೂ 190 ಜನ, ಮಂತ್ರಿಗಳಲ್ಲ. ಆಡಳಿತ ಪಕ್ಷದ ಹಿಂದಿನ ಬೆಂಚಿನವರೂ ಆ ಲೆಕ್ಕದಲ್ಲೇ ಬರುತ್ತಾರೆ. ಕೇಳಬೇಕಾದವರು ಅವರೆಲ್ಲ.

ಚುಕ್ಕೆ ಗುರುತಿನ ಪ್ರಶ್ನೆ ಅಂತ ಒಂದಿದೆ. ಅದಕ್ಕೆ ಮಂತ್ರಿ ಎದ್ದು ನಿಂತು ಬಾಯಲ್ಲೇ ಉತ್ತರ ಕೊಡಬೇಕು. ಬರೆದು ತಂದ ಉತ್ತರವನ್ನು ಯಾರು ಬೇಕಾದರೂ ಓದಬಹುದು, ಅದನ್ನು ಸಿದ್ಧ ಮಾಡುವುದು ಇಲಾಖೆ. ಆಮೇಲೆ ಶಾಸಕರು ಉಪಪ್ರಶ್ನೆ ಎಸೆಯುತ್ತಾರೆ. ಆಗ ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಓಡಾಡಲು ಶುರುವಾಗುತ್ತದೆ. ಕೆಲಸ ಗೊತ್ತಿರುವ ಮಂತ್ರಿ ಚೀಟಿಗೆ ಕಾಯುವುದಿಲ್ಲ. ಮೂರು ದಶಕ ಆ ಚೀಟಿಗಳನ್ನು ನೋಡಿದ್ದೇನೆ. ಇಲಾಖೆಯ ಸ್ಥಿತಿ ತಿಳಿಯಲು ಅದಕ್ಕಿಂತ ಒಳ್ಳೆಯ ಕಿಟಕಿ ನನಗೆ ಕಂಡಿಲ್ಲ.

ದುಡ್ಡಿನ ವಿಚಾರವೂ ಅಷ್ಟೇ. ಖರ್ಚಿಗೆ ಸದನದ ಒಪ್ಪಿಗೆ ಕೊಡುವ ಧನವಿನಿಯೋಗ ಮಸೂದೆ ಪಾಸಾಗದೆ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಖಜಾನೆಯಿಂದ, ಹಣ ತೆಗೆಯುವಂತಿಲ್ಲ. ಪೂರ್ತಿ ಬಜೆಟ್ ಪಾಸಾಗುವುದು ತಡವಾಗುತ್ತದೆ ಅನ್ನಿಸಿದರೆ ಕೆಲವು ತಿಂಗಳ ಖರ್ಚಿಗೆ ಲೇಖಾನುದಾನವನ್ನಾದರೂ ಕೇಳಿ ಪಡೆಯಬೇಕು. ಕೇಳದೆ ಸಿಗುವುದಿಲ್ಲ.

ಈಗ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟ ವಿಷಯ. 1989ರ ಏಪ್ರಿಲ್. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. 19 ಶಾಸಕರು ಬೆಂಬಲ ವಾಪಸ್ ತೆಗೆದುಕೊಂಡಿದ್ದಾರೆ ಅಂತ ರಾಜಭವನಕ್ಕೆ ಪತ್ರಗಳು ಹೋದವು. ಅವರಲ್ಲಿ 7 ಜನ ಏಪ್ರಿಲ್ 20ರಂದು ನಮ್ಮ ಬೆಂಬಲ ಇದೆ ಅಂದರು. ಅಧಿವೇಶನ ಕರೆಯಿರಿ, ಬಹುಮತ ತೋರಿಸುತ್ತೇನೆ ಅಂತ ಬೊಮ್ಮಾಯಿ ಹೇಳಿದರು. ನಾನಾಗ ಹೊಸಬ, ಕೆಲಸಕ್ಕೆ ಸೇರಿ ಎರಡು ವರ್ಷ. ಇಷ್ಟು ದೊಡ್ಡ ದಿನವನ್ನು ಬರೆಯಬೇಕಲ್ಲ ಅಂತ ಪೆನ್ಸಿಲ್ ಎಲ್ಲ ಚೂಪು ಮಾಡಿಟ್ಟುಕೊಂಡಿದ್ದೆ. ಆ ದಿನ ಬರಲೇ ಇಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ವಿಧಾನಸಭೆ ವಿಸರ್ಜನೆ ಆಯಿತು. ಸದನದಲ್ಲಿ ಆಗಬೇಕಾದ ಎಣಿಕೆಯನ್ನು ರಾಜಭವನದಲ್ಲೇ ಮಾಡಿ ಮುಗಿಸಿದ್ದರು. ರಾಜಭವನ ಏನು ದೂರ ಇಲ್ಲ, ನಡೆದು ಹೋಗುವಷ್ಟು ದೂರ. ಆದರೆ ಅಲ್ಲಿ ಎಣಿಸುವುದಕ್ಕೂ ಇಲ್ಲಿ ಎಣಿಸುವುದಕ್ಕೂ ಎಷ್ಟು ವ್ಯತ್ಯಾಸ ಅಂತ ನನಗೆ ಆವತ್ತು ಅರ್ಥವಾಯಿತು.

1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಅನ್ನುವುದನ್ನು ಸದನದಲ್ಲೇ ನೋಡಬೇಕು, ರಾಜ್ಯಪಾಲರ ಅಂದಾಜಿನ ಮೇಲೆ ಅಲ್ಲ ಅಂತ. ಬೊಮ್ಮಾಯಿ ಸರ್ಕಾರವನ್ನು ತೆಗೆದದ್ದು ತಪ್ಪು ಅಂತಲೂ ಹೇಳಿತು. ಐದು ವರ್ಷ ಕಳೆದಿತ್ತು, ಹೋದ ಸರ್ಕಾರ ವಾಪಸ್ ಬರಲಿಲ್ಲ. ಆದರೂ ಆ ತೀರ್ಪಿಗೆ ನಮ್ಮ ಮುಖ್ಯಮಂತ್ರಿಯ ಹೆಸರಿದೆ. ಇಡೀ ದೇಶದಲ್ಲಿ ಈಗಲೂ ಅದನ್ನೇ ಎತ್ತಿ ಹೇಳುತ್ತಾರೆ.

ಕತ್ರಿಗುಪ್ಪೆ ಅಮ್ಮ:

ಪೂರ್ತಿ ಓದಿ ಮಗಳಿಗೂ ಓದಿಸಿದೆ. ಪೆನ್ಸಿಲ್ ವಿಷಯ ಅವಳಿಗೆ ಬಹಳ ತಟ್ಟಿತು. ಇನ್ನೊಂದು ಕೇಳುತ್ತಿದ್ದಾಳೆ. ಪಕ್ಷದವರು ಹೇಳಿದ ಹಾಗೇ ಎಲ್ಲರೂ ಮತ ಹಾಕಬೇಕು ಅಂದಮೇಲೆ ಸದನದ ನಂಬಿಕೆ ಅಂದರೆ ಏನು?

ಶೀಘ್ರಲಿಪಿ ಬಸವನಗುಡಿ:

ಇದಕ್ಕೆ ನನ್ನ ಹತ್ತಿರ ಸಮಾಧಾನದ ಉತ್ತರ ಇಲ್ಲ. ನೋಡಿದ್ದನ್ನು ಹೇಳುತ್ತೇನೆ.

1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬಂತು. ಗೆದ್ದವರು ದುಡ್ಡಿಗೋ ಪದವಿಗೋ ಪಕ್ಷ ಬದಲಿಸಬಾರದು ಅಂತ. ಅದರ ಉದ್ದೇಶ ಸರಿ. ಆದರೆ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಮೀರಿ ಮತ ಹಾಕಿದರೆ ಶಾಸಕತ್ವವೇ ಹೋಗಬಹುದು. ಅದು ವಿಶ್ವಾಸಮತಕ್ಕೆ ಮಾತ್ರ ಅಲ್ಲ, ಸಾಮಾನ್ಯ ಮಸೂದೆಗೂ ಅನ್ವಯಿಸುತ್ತದೆ. ಇದರಿಂದ ಹಿಂದಿನ ಬೆಂಚಿನವರ ನಾಲಿಗೆ ಕಟ್ಟಿಹೋಯಿತು ಅನ್ನುವುದು ನನ್ನ ಅಭಿಪ್ರಾಯ. ವಿಪ್ ಅನ್ನು ವಿಶ್ವಾಸಮತಕ್ಕೂ ಹಣದ ಮಸೂದೆಗೂ ಮಾತ್ರ ಸೀಮಿತ ಮಾಡಿದರೆ ಒಳ್ಳೆಯದು.

ಇಷ್ಟಾದರೂ ಪಕ್ಷಾಂತರ ನಿಂತಿಲ್ಲ. 2019ರ ಜುಲೈನಲ್ಲಿ ನಾನು ಅದೇ ಮೇಜಿನಲ್ಲಿದ್ದೆ. ಆಡಳಿತ ಪಕ್ಷಗಳ ಕೆಲವು ಶಾಸಕರು ರಾಜೀನಾಮೆ ಕೊಟ್ಟು ಹೊರಗೇ ಉಳಿದಿದ್ದರು. ವಿಶ್ವಾಸಮತದ ಚರ್ಚೆ ದಿನಗಟ್ಟಲೆ ನಡೆಯಿತು. 23ರ ಸಂಜೆ ಸಾಲು ಸಾಲಾಗಿ ಎಬ್ಬಿಸಿ ನಿಲ್ಲಿಸಿ ಎಣಿಸಿದರು. ಪರ 99, ವಿರುದ್ಧ 105. ಕುಮಾರಸ್ವಾಮಿ ಸರ್ಕಾರ ಬಿತ್ತು. ಆ ಎರಡು ಅಂಕಿ ಬರೆಯುವಾಗ ನನಗೆ 1989 ನೆನಪಾಯಿತು. ಅಷ್ಟೊಂದು ಜನ ಕೂರಬೇಕಾದ ಕಡೆ ಖಾಲಿ ಇದ್ದದ್ದು ನೋವಿನ ವಿಷಯ. ಆದರೂ ಎಣಿಕೆ ಸದನದಲ್ಲೇ ಆಯಿತು, ಎಲ್ಲರ ಕಣ್ಣೆದುರು, ಟಿವಿಯಲ್ಲಿ ಇಡೀ ನಾಡು ನೋಡುತ್ತಿದ್ದಾಗ. ಎಷ್ಟು ಜನ ಅನ್ನುವುದು ಸದನದ ನಡಾವಳಿ ಪುಸ್ತಕದಲ್ಲಿದೆ. ನಿಮ್ಮ ಮಗಳು ದೊಡ್ಡವಳಾದ ಮೇಲೂ ತೆಗೆದು ಓದಬಹುದು.

ಕರಿಕೋಟು:

ಮುಂದಿನದ್ದನ್ನು ನಾನು ಸೇರಿಸುತ್ತೇನೆ. ಸಭಾಧ್ಯಕ್ಷರು 17 ಶಾಸಕರನ್ನು ಅನರ್ಹ ಮಾಡಿದರು. ಆ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅನರ್ಹತೆ ಸರಿ ಅಂದಿತು, ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೂ ಸ್ಪರ್ಧಿಸುವಂತಿಲ್ಲ ಅನ್ನುವ ಭಾಗವನ್ನು ತೆಗೆದುಹಾಕಿತು. ಅವರಲ್ಲಿ ಹೆಚ್ಚಿನವರು ಉಪಚುನಾವಣೆಯಲ್ಲಿ ನಿಂತರು. ಅಲ್ಲಿಂದ ಮುಂದಿನ ತೀರ್ಪು ಮತದಾರರದ್ದು.

ಮೋರಿಯ ವಿಷಯ ಒಂದು ಮಾತು. ಮೋರಿ ಕಟ್ಟಿಸುವುದು ಶಾಸಕರ ಕೆಲಸವಲ್ಲ, ಪಾಲಿಕೆಯದ್ದು. ಬೆಂಗಳೂರಿನ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ನಿಮ್ಮ ಪರವಾಗಿ ಕೇಳಬೇಕಾದ ಬೀದಿ ಮಟ್ಟದ ಸದನವೇ ಇರಲಿಲ್ಲ. ಜನ ಎಲ್ಲದಕ್ಕೂ ಶಾಸಕರ ಮನೆ ಮುಂದೆ ನಿಲ್ಲಬೇಕಾದದ್ದು ಅದಕ್ಕೇ.

ಶೀಘ್ರಲಿಪಿ ಬಸವನಗುಡಿ:

ಸರಿಯಾಗಿ ಹೇಳಿದಿರಿ. ಆದರೂ ಅಮ್ಮ, ಶಾಸಕರಿಗೆ ಒಂದು ಕಾಗದ ಬರೆಯಿರಿ. ಮೋರಿ ಕಟ್ಟಿಸಿ ಅಂತ ಬರೆಯಬೇಡಿ. ನಮ್ಮ ವಾರ್ಡಿನ ಮಳೆನೀರು ಚರಂಡಿಗೆ ಎರಡು ವರ್ಷದಲ್ಲಿ ಎಷ್ಟು ಹಣ ಮಂಜೂರಾಗಿದೆ, ಎಷ್ಟು ಖರ್ಚಾಗಿದೆ, ಕೆಲಸ ಎಲ್ಲಿಗೆ ನಿಂತಿದೆ ಅಂತ ಸದನದಲ್ಲಿ ಪ್ರಶ್ನೆ ಕೇಳಿ ಅಂತ ಬರೆಯಿರಿ. ಚುಕ್ಕೆ ಗುರುತಿಲ್ಲದ ಪ್ರಶ್ನೆಯಾದರೂ ಸಾಕು, ಉತ್ತರ ಬರಹದಲ್ಲಿ ಬರುತ್ತದೆ. ಅಂಕಿ ಒಮ್ಮೆ ಸದನದ ಮುಂದೆ ಬಂದರೆ ಯಾರೂ ಮಾತು ಬದಲಿಸಲು ಆಗುವುದಿಲ್ಲ. ಅಲ್ಲಿ ತಪ್ಪು ಮಾಹಿತಿ ಕೊಟ್ಟರೆ ಅದು ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ, ವಿಷಯ ಆಗಬಹುದು ಅನ್ನುವ ಹೆದರಿಕೆ ಅಧಿಕಾರಿಗಳಿಗೆ ಇದ್ದೇ ಇದೆ.

ಅದೇ ಕಾಗದದಲ್ಲಿ ಗ್ಯಾಲರಿ ಪಾಸನ್ನೂ ಕೇಳಿ. ಬೆಂಗಳೂರಿನಲ್ಲಿ ಅಧಿವೇಶನ ಇದ್ದಾಗ ಮಗಳನ್ನು ಪ್ರಶ್ನೋತ್ತರದ ಹೊತ್ತಿಗೇ ಕರೆದುಕೊಂಡು ಹೋಗಿ. ಭಾಷಣ ಜಾಸ್ತಿ ಇರುವ ಮಧ್ಯಾಹ್ನ ಬೇಡ. ಉಪಪ್ರಶ್ನೆ ಬಂದ ಕೂಡಲೇ ಮಂತ್ರಿ ಹಿಂದಕ್ಕೆ ತಿರುಗುತ್ತಾರಾ, ಚೀಟಿ ಬರುತ್ತದಾ, ಅದನ್ನು ನೋಡಲು ಹೇಳಿ.