ಹೈನುಗಾರರ ಪ್ರಶ್ನೋತ್ತರ: ಗಬ್ಬ ಯಾಕೆ ನಿಲ್ಲುತ್ತಿಲ್ಲ?

ಬ್ರಹ್ಮಾವರದ ಸದಸ್ಯೆ: ಡಾಕ್ಟ್ರೇ, ನಮ್ಮ ಜೆರ್ಸಿ ದನಕ್ಕೆ ಮೂರು ಸಲ ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದೆವು. ಎರಡು ಸಲ 21ನೇ ದಿನಕ್ಕೆ ತಿರುಗಿ ಬೆದೆಗೆ ಬಂತು. ಈ ಸಲ 33 ದಿನ ಸುಮ್ನೆ ಇದ್ದು ಇವತ್ತು ಬೆಳಿಗ್ಗೆಯಿಂದ ಕೂಗುತ್ತಿದೆ.

ಸುರತ್ಕಲ್ ಸದಸ್ಯ: ಒಂದು ಫಾರ್ವರ್ಡ್ ಬಂದಿದೆ. ‘ನೊಬೆಲ್ ಗೆದ್ದ ಮೈಕ್ರೋ ಆರ್‌ಎನ್‌ಎ ಪುಡಿ, ಹಿಂಡಿಯಲ್ಲಿ ಕಲಸಿ ಕೊಡಿ, ಒಂದೇ ಸಲಕ್ಕೆ ಗಬ್ಬ.’ ನಿಜವಾ?

ಡಾಕ್ಟರ್: ಸುಳ್ಳು. ಮೈಕ್ರೋ ಆರ್‌ಎನ್‌ಎ ಅಂದರೆ ಜೀವಕೋಶದೊಳಗೆ ಜೀನ್‌ಗಳ ಕೆಲಸವನ್ನು ಹದದಲ್ಲಿಡುವ ಪುಟ್ಟ ತುಣುಕು. 2024ರಲ್ಲಿ ಆಂಬ್ರೋಸ್, ರುವ್ಕುನ್ ಎಂಬ ಇಬ್ಬರು ವಿಜ್ಞಾನಿಗಳಿಗೆ ನೊಬೆಲ್ ಬಂದದ್ದು ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ ಅದನ್ನು ಪತ್ತೆ ಮಾಡಿದ್ದಕ್ಕೆ. ತಿನ್ನಿಸಿದ ಆರ್‌ಎನ್‌ಎಯನ್ನು ದನದ ಹೊಟ್ಟೆಯ ಸೂಕ್ಷ್ಮಜೀವಿಗಳೇ ಒಡೆದು ಹಾಕುತ್ತವೆ.

ಬ್ರಹ್ಮಾವರದ ಅಕ್ಕ, ನನಗೆ ಚಿಂತೆ ಆದದ್ದು ನಿಮ್ಮ 33 ದಿನದ ಲೆಕ್ಕ. ನಡುವೆ ಒಂದು ಬೆದೆ ತಪ್ಪಿಹೋಯಿತು ಅನ್ನೋಣ ಅಂದರೆ 21 ದಿನದ ಎರಡು ಸುತ್ತಿಗೆ ಅಷ್ಟು ದಿನ ಸಾಲದು. ಗಬ್ಬ ನಿಂತು ಆಮೇಲೆ ಹೋಗಿರಬೇಕು. ದನದ ಭ್ರೂಣ 8ರಿಂದ 16 ಕೋಶ ಆಗುವವರೆಗೆ ಹೆಚ್ಚಾಗಿ ತಾಯಿಯ ಅಂಡದಲ್ಲಿದ್ದ ಹಳೆಯ ಆರ್‌ಎನ್‌ಎ ಸಂದೇಶಗಳ (ಜೀನ್‌ಗಳಿಂದ ಬಂದ ಆಜ್ಞೆಗಳ) ಮೇಲೇ ನಡೆಯುತ್ತದೆ. ಆಮೇಲೆ ಅವು ಅಳಿಯಬೇಕು, ಭ್ರೂಣದ ಸ್ವಂತ ಜೀನ್‌ಗಳು ಏಳಬೇಕು. ಸುಮಾರು 22 ಅಕ್ಷರದ ಮೈಕ್ರೋ ಆರ್‌ಎನ್‌ಎಗಳು ಸಂದೇಶಗಳಿಗೆ ಅಂಟಿ ಅವುಗಳ ಬಾಯಿ ಮುಚ್ಚಿಸುತ್ತವೆ. ಈ ಹದ ತಪ್ಪಿದರೆ ಬೆಳವಣಿಗೆ ನಿಲ್ಲಬಹುದು. 16ನೇ ದಿನದ ಹೊತ್ತಿಗೆ ಭ್ರೂಣ ‘ನಾನಿದ್ದೇನೆ’ ಅಂತ ಗರ್ಭಕೋಶಕ್ಕೆ ಸುದ್ದಿ ಮುಟ್ಟಿಸಬೇಕು, ಇಲ್ಲದಿದ್ದರೆ ದನ ತಿರುಗಿ ಬೆದೆಗೆ ಬರುತ್ತದೆ. ನಿಮ್ಮ ದನದಲ್ಲಿ ಈ ಸಲ ಅಷ್ಟು ಆಗಿ, ಆಮೇಲೆ ಭ್ರೂಣ ಹೋಗಿರಬೇಕು. ಹಾಗಾಗಿ ಗರ್ಭಕೋಶದ ಸೋಂಕು, ಸೆಕೆ ಎರಡನ್ನೂ ನೋಡಬೇಕು. ಲೋಳೆ ತಿಳಿಯಾಗಿದೆಯಾ? ಹಟ್ಟಿಗೆ ತಗಡಿನ ಮಾಡಾ?

ಕಾರ್ಕಳ ಸದಸ್ಯ: ಜೆರ್ಸಿ ಯಾಕೆ ಕಟ್ಟುತ್ತೀರಿ? ಮಲೆನಾಡು ಗಿಡ್ಡ ಸಾಕಿ.

ಮೂಡುಬಿದಿರೆ ಸದಸ್ಯ: ಗಿಡ್ಡದ ಹಾಲಲ್ಲಿ ಸಾಲದ ಕಂತು ನೀವು ಕಟ್ಟುತ್ತೀರಾ ಮಾರಾಯ್ರೆ?

ಕಾರ್ಕಳ ಸದಸ್ಯ: ಸಾಲ ಮಾಡಲು ಹೇಳಿದ್ದು ಯಾರು?

ಬಂಟ್ವಾಳ ಸದಸ್ಯೆ: ನಮ್ಮ ಆಡು ಎರಡು ಸಲ ಕಂದು ಹಾಕಿತು. ಏನು ಮಾಡಲಿ?

ಕಾಪು ಸದಸ್ಯ: ಆ ಪುಡಿ ಎಲ್ಲಿ ಸಿಗುತ್ತದೆ?

ಡಾಕ್ಟರ್: ಮೇಲೆ ಓದಿ.

ಕಾಪು ಸದಸ್ಯ: ಕೇಳಿದ್ದು ತಪ್ಪಾ?

ಡಾಕ್ಟರ್: ಇಂಥ ಪುಡಿ ನಂಬಿ ತಿಂಗಳು ಕಳೆದರೆ ಸೋಂಕು ಒಳಗೇ ಬಲಿಯುತ್ತದೆ. ಫಾರ್ವರ್ಡ್ ಹಾಕಬೇಡಿ.

ಮೂಡುಬಿದಿರೆ ಸದಸ್ಯ: ಕಾರ್ಕಳದವರೇ, ಹಾಲಿನ ಲೆಕ್ಕ ತೋರಿಸಿ.

ಬ್ರಹ್ಮಾವರದ ಸದಸ್ಯೆ: ಲೋಳೆ ಸ್ವಲ್ಪ ಬೆಳ್ಳಗಿದೆ. ತಗಡಿನ ಮಾಡೇ.

ಡಾಕ್ಟರ್: ಬ್ರಹ್ಮಾವರದ ಅಕ್ಕ, ಲೋಳೆ ಬೆಳ್ಳಗಿದ್ದರೆ ಸೋಂಕು ಇರಬಹುದು, ಈ ಬೆದೆಗೆ ಇಂಜೆಕ್ಷನ್ ಬೇಡ. ಇವತ್ತೇ ನಿಮ್ಮೂರಿನ ಡಾಕ್ಟರಲ್ಲಿ ಗರ್ಭಕೋಶ ಪರೀಕ್ಷೆ ಮಾಡಿಸಿ. ಸೆಕೆ ತಗ್ಗಲು ಮಾಡಿನ ಮೇಲೆ ತೆಂಗಿನ ಮಡಲು ಹೊದಿಸಿ. ಅಂಡ ಬಲಿಯಲು ವಾರಗಟ್ಟಲೆ ಬೇಕು, ಸೆಕೆಯ ಪೆಟ್ಟು ಮುಂದಿನ ಬೆದೆಯವರೆಗೂ ಉಳಿಯಬಹುದು.