ಹತ್ತಿ ಬಿಡಿಸುವ ಹಂಗಾಮು ಬಂತು, ಕ್ಲಾಸ್ ಅರ್ಧ ಖಾಲಿ. ಮನೆಯವರ ಜೊತೆ ಹೇಗೆ ಮಾತಾಡಲಿ?

ಹತ್ತಿಸೀಮೆ ಟೀಚರ್:
ಎಲ್ಲರಿಗೂ ನಮಸ್ಕಾರ. ರಾಯಚೂರು ಜಿಲ್ಲೆ ದೇವದುರ್ಗ ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ದೀಪಾವಳಿ ಮುಗಿದರೆ ಸಾಕು, ಒಂದು ಕಡೆ ಹತ್ತಿ ಬಿಡಿಸುವ ಕೆಲಸ, ಇನ್ನೊಂದು ಕಡೆ ಬೆಂಗಳೂರಿಗೆ ಗುಳೆ. ನನ್ನ ಏಳನೇ ಕ್ಲಾಸಿನ 31 ಮಕ್ಕಳಲ್ಲಿ ಮೊನ್ನೆ ಬಂದವರು 14.

ಲೆಕ್ಕದಲ್ಲಿ ತುಂಬಾ ಚುರುಕಾದ ಒಬ್ಬ ಹುಡುಗಿ ಹನ್ನೆರಡು ದಿನದಿಂದ ಬಂದಿಲ್ಲ ಅಂತ ಮನೆಗೆ ಹೋದೆ. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅವನ ಬಾಯಿಗೆ ರೊಟ್ಟಿ ಚೂರು ಇಡುತ್ತಿದ್ದಳು. ಬೆರಳ ತುದಿಯಲ್ಲೆಲ್ಲ ಒಣಗಿದ ಹತ್ತಿಕಾಯಿ ಗೀರಿದ ಗುರುತು. ನನ್ನನ್ನು ಕಂಡ ಕೂಡಲೇ ಒಳಗೆ ಓಡಿದಳು. ಅವರಮ್ಮ "ನಾಳೆ ಕಳಸ್ತೀನ್ರಿ ಟೀಚರ್" ಅಂದರು. ಇದೇ ಮಾತು ಮೂರು ಸಲ ಕೇಳಿದ್ದೇನೆ. ಸಭೆ ಕರೆದರೆ ಐದಾರು ಜನ ಬರುತ್ತಾರೆ. ಬೈದರೆ ಇನ್ನೂ ದೂರ ಸರಿಯುತ್ತಾರೆ, ಸುಮ್ಮನಿದ್ದರೆ ಮಗು ಕೈತಪ್ಪುತ್ತದೆ. ಏನು ಮಾಡಲಿ?

ಸುರಪುರದ ಮೇಷ್ಟ್ರು:
ಟೀಚರ್, ಸಭೆ ಎಷ್ಟು ಗಂಟೆಗೆ ಕರೆಯುತ್ತೀರಿ? ನಾವೂ ಮೊದಲು ಬೆಳಗ್ಗೆ 11ಕ್ಕೆ ಕರೆಯುತ್ತಿದ್ದೆವು. ಅಂದರೆ ಒಂದು ದಿನದ ಕೂಲಿ ಬಿಟ್ಟು ಬರಬೇಕು, ಯಾರು ಬರ್ತಾರೆ? ಈಗ ರಾತ್ರಿ 7ಕ್ಕೆ ಹನುಮಪ್ಪನ ಗುಡಿ ಕಟ್ಟೆ ಮೇಲೆ ಸೇರುತ್ತೇವೆ, ಕುರ್ಚಿ ತರಿಸುವುದಿಲ್ಲ, ಎಲ್ಲರ ಜೊತೆ ಕೆಳಗೇ ಕೂರುತ್ತೇವೆ. ಮೊದಲ ದಿನ ಗೈರುಹಾಜರಿ ಮಾತೇ ಎತ್ತಲಿಲ್ಲ, ಮಕ್ಕಳ ನೋಟ್‌ಬುಕ್ ತೋರಿಸಿದೆವು ಅಷ್ಟೇ. ಓದು ಬರಹ ಬಾರದ ಒಬ್ಬ ತಂದೆ ಹಾಳೆ ಮೇಲೆ ಕೈಯಾಡಿಸಿ "ಇದು ನಮ್ಮ ಹುಡುಗನೇ ಬರೆದದ್ದೇನ್ರಿ?" ಅಂತ ಎರಡು ಸಲ ಕೇಳಿದರು. ಅಲ್ಲಿಯವರೆಗೆ ಶಾಲೆಯಿಂದ ಅವರಿಗೆ ಹೋಗಿದ್ದೆಲ್ಲ ಬರೀ ದೂರೇ ಅಲ್ವಾ.

ಇನ್ನು ಗುಳೆ ವಿಷಯ. ಕೂಲಿಗೆ ಕರೆದೊಯ್ಯುವ ಮೇಸ್ತ್ರಿ ಕೈಯಿಂದ ಮುಂಗಡ ತೆಗೆದುಕೊಂಡ ಮೇಲೆ ನೀವು ಹೋಗಿ ಏನು ಹೇಳಿದರೂ ನಡೆಯಲ್ಲ. ಅವರು ವಚನ ಕೊಟ್ಟಾಗಿರುತ್ತದೆ. ದಸರಾಕ್ಕೆ ಮುಂಚೆಯೇ ಕೂತು ಕೇಳಿ, ಈ ವರ್ಷ ಹೋಗ್ತೀರಾ, ಮಕ್ಕಳನ್ನು ಅಜ್ಜಿ ಹತ್ತಿರ ಬಿಡಬಹುದಾ ಅಂತ. ಗುಳೆ ಹೋಗುವವರ ಮಕ್ಕಳಿಗೆ ಹಂಗಾಮಿ ಹಾಸ್ಟೆಲ್ ನಡೆಸಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶ ಇದೆ, ಆದರೆ ಹೆಸರಿನ ಪಟ್ಟಿ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೈಗೆ ಮೊದಲೇ ಹೋಗಬೇಕು. ಊರು ಖಾಲಿಯಾದ ಮೇಲೆ ಬರೆದರೆ ಏನೂ ಉಪಯೋಗವಿಲ್ಲ. ಮತ್ತೆ, ಹನ್ನೆರಡು ದಿನ ಕಾಯಬೇಡಿ. ಮೂರನೇ ದಿನವೇ ಹೋಗಿ.

ಗುಳೆ ಹೋದ ಮನೆ ಮಗಳು:
ನಾನು ಈಗ ನರ್ಸಿಂಗ್ ಓದುತ್ತಿದ್ದೇನೆ. ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಹೋದೆ, ಕಟ್ಟಡದ ಪಕ್ಕದಲ್ಲೇ ತಗಡಿನ ಶೆಡ್. ಹತ್ತಿರದ ಶಾಲೆಯಲ್ಲಿ "ಟಿಸಿ ತಗೊಂಡು ಬಾ" ಅಂತ ಅಪ್ಪನನ್ನು ವಾಪಸ್ ಕಳಿಸಿದರು. ಅಪ್ಪ ಮತ್ತೆ ಆ ಕಡೆ ಹೋಗಲೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿಸಿ ತಡವಾಯಿತು ಅಂತ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಬೇಕು. ಇದನ್ನು ಅಪ್ಪನಿಗೆ ಯಾರಾದರೂ ಮೊದಲೇ ಹೇಳಿದ್ದರೆ! ದಯವಿಟ್ಟು ಹೊರಡುವ ಮನೆಗಳಿಗೆ ಒಂದು ಚೀಟಿ ಬರೆದುಕೊಡಿ, ಮಗುವಿನ ಹೆಸರು, ಕ್ಲಾಸು, ಸ್ಯಾಟ್ಸ್ ನಂಬರ್ (ಶಾಲಾ ದಾಖಲೆಯಲ್ಲಿ ಮಗುವಿಗೆ ಕೊಟ್ಟ ಗುರುತಿನ ಸಂಖ್ಯೆ), ನಿಮ್ಮ ಫೋನ್ ನಂಬರ್.

ನಮ್ಮೂರ ಟೀಚರ್ ಸಂಕ್ರಾಂತಿ ಹೊತ್ತಿಗೆ ಫೋನ್ ಮಾಡಿ "ನಿನ್ನ ಹೆಸರು ಇನ್ನೂ ಕರೀತಿದೀನಿ, ಯಾವಾಗ ಬರ್ತೀಯಾ?" ಅಂದರು. ಅದಕ್ಕೇ ನಾನು ವಾಪಸ್ ಬಂದೆ. ಬಂದವರನ್ನು ಎಲ್ಲರ ಮುಂದೆ ನಿಲ್ಲಿಸಿ ಎಲ್ಲಿ ಹೋಗಿದ್ದೆ ಅಂತ ಮಾತ್ರ ಕೇಳಬೇಡಿ, ನನ್ನ ಗೆಳತಿ ಆ ನಾಚಿಕೆಗೇ ಶಾಲೆ ಬಿಟ್ಟಳು.

ಎಸ್‌ಡಿಎಂಸಿ ಅಮ್ಮ:
ಟೀಚರ್, ಆ ಹುಡುಗಿ ಹತ್ತಿಗಿಂತ ಜಾಸ್ತಿ ತಮ್ಮನಿಗಾಗಿಯೇ ನಿಂತಿದ್ದಾಳೆ ಅನಿಸುತ್ತೆ. ನಿಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ, ಅಂದರೆ ಚಿಕ್ಕ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೇಂದ್ರ, ಇದೆಯಾ ನೋಡಿ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಅಂತ ಶುರುವಾಗಿದ್ದು, ಜಾಬ್ ಕಾರ್ಡ್ ಇದ್ದರೆ ಕೇಳಬಹುದು. ಇಲ್ಲದಿದ್ದರೆ ಅಂಗನವಾಡಿಯವರ ಜೊತೆ ಮಾತಾಡಿ.

ಒಬ್ಬರೇ ಹೋಗಬೇಡಿ. ಶಾಲಾ ಸಮಿತಿಯಲ್ಲಿ (ಎಸ್‌ಡಿಎಂಸಿ) ಮುಕ್ಕಾಲು ಪಾಲು ಅಪ್ಪ ಅಮ್ಮಂದಿರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅಂತ ಕಾಯ್ದೆ ಹೇಳುವುದು ಸುಮ್ನೆ ಸಹಿ ಹಾಕುವುದಕ್ಕಲ್ಲ. ಟೀಚರ್ ಕೇಳಿದರೆ "ನಾಳೆ ಕಳಸ್ತೀನಿ" ಅಂತಾರೆ. ನಾನು ಹೋಗಿ ಒಲೆ ಮುಂದೆ ಕೂತರೆ ಸಾಲ ಎಷ್ಟಿದೆ, ಹೈಸ್ಕೂಲು ಪಕ್ಕದೂರಲ್ಲಿದೆ, ದಾರಿಯಲ್ಲಿ ಹುಡುಗರ ಕಾಟ, ಎಲ್ಲ ಹೊರಗೆ ಬರುತ್ತೆ. ಮದುವೆ ಮಾತು ನಡೆದಿದೆಯಾ ಅಂತಲೂ ಮೆತ್ತಗೆ ತಿಳಿದುಕೊಳ್ಳಿ. ನಡೆದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಅದರಲ್ಲಿ ಮುಲಾಜು ಬೇಡ.

ಹತ್ತಿಸೀಮೆ ಟೀಚರ್:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ನಮ್ಮ ಎಸ್‌ಡಿಎಂಸಿ ಸದಸ್ಯೆ ಒಬ್ಬರನ್ನು ಕರೆದುಕೊಂಡು, ಹುಡುಗಿಯ ಲೆಕ್ಕದ ನೋಟ್‌ಬುಕ್ ಹಿಡಿದುಕೊಂಡು ಹೋದೆ. ಎಸ್‌ಡಿಎಂಸಿ ಅಮ್ಮ ಹೇಳಿದ್ದೇ ನಿಜ, ತಮ್ಮನೇ ಕಾರಣ. ಅಜ್ಜಿಗೆ ಕಣ್ಣು ಕಾಣಲ್ಲ. ಸದ್ಯಕ್ಕೆ ಪಕ್ಕದ ಮನೆಯವರು ಮಧ್ಯಾಹ್ನದವರೆಗೆ ಮಗುವನ್ನು ನೋಡಿಕೊಳ್ಳಲು ಒಪ್ಪಿದ್ದಾರೆ, ಸೋಮವಾರ ಪಂಚಾಯಿತಿಗೆ ಹೋಗುತ್ತೇವೆ. ಇವತ್ತು ಬಂದಿದ್ದಳು. ಬಿಸಿಯೂಟ ಮುಗಿಸಿ ಮನೆಗೆ ಓಡಿದಳು, ನಾನು ತಡೆಯಲಿಲ್ಲ. ಮೇಷ್ಟ್ರೇ, ಹಾಸ್ಟೆಲ್ ಪಟ್ಟಿಯನ್ನು ನೀವು ಯಾವ ತಿಂಗಳಲ್ಲಿ ಕೊಟ್ಟಿರಿ? ನನ್ನ ಕ್ಲಾಸಿನ ಇನ್ನೂ ನಾಲ್ಕು ಮನೆಗಳು ಹೊರಟು ನಿಂತಿವೆ.